ಮುಂಗಡ ಧಾರಾಳತನ

ಮನುಷ್ಯ ಹುಟ್ಟಾ ದುರಾಸೆಯವನೋ, ಹುಟ್ಟಾ ಧಾರಾಳಿಯೋ ಅಂತ ದೊಡ್ಡ ದೊಡ್ಡವರು ನೂರಾರು ವರ್ಷ ತಲೆ ಕೆಡಿಸಿಕೊಂಡರು. ಪಾಪ, ಅವರ ಹತ್ತಿರ ಆಟೊ ಆ್ಯಪ್ ಇರಲಿಲ್ಲ.

ಪರದೆ ಮೇಲೆ ಮೊದಲು ಒಂದು ಚಕ್ರ ತಿರುಗುತ್ತದೆ. ಆಮೇಲೆ ಉಪದೇಶ: ಟಿಪ್ಸ್ ಸೇರಿಸಿದರೆ ಆಟೊ ಬೇಗ ಸಿಗಬಹುದು. ಹತ್ತು, ಇಪ್ಪತ್ತು, ಮೂವತ್ತು. ಆಟೊ ಇನ್ನೂ ಬಂದಿಲ್ಲ. ಡ್ರೈವರ್ ಯಾರು ಅಂತಲೂ ಗೊತ್ತಿಲ್ಲ. ಆದರೂ ಅವರ ಸೇವೆಯನ್ನು ನಾವು ಮೆಚ್ಚಿಯಾಗಿದೆ! ದೋಸೆ ತಿಂದ ಮೇಲೆ ತಟ್ಟೆ ಪಕ್ಕ ಹತ್ತು ರೂಪಾಯಿ ಇಡುತ್ತಿದ್ದವರು ಈಗ ಹಿಟ್ಟು ರುಬ್ಬುವ ಮೊದಲೇ ಇಡಬೇಕು.

ಬೆಂಗಳೂರಿನಲ್ಲಿ ಸರ್ಕಾರಿ ದರ ಅಂತಲೂ ಒಂದಿದೆ. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹಿಂದೆ ಡ್ರೈವರ್ "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್" ಅಂದರೆ ರಸ್ತೆಯಲ್ಲೇ ಜಗಳ ತೆಗೆಯುತ್ತಿದ್ದೆವು. ಈಗ ಅವರು ಬಾಯಿ ಬಿಡುವುದೇ ಇಲ್ಲ, ನಾವೇ ಒತ್ತುತ್ತೇವೆ. ಸ್ವಂತ ಧಾರಾಳತನದ ಮೇಲೆ ದೂರು ಕೊಡೋಕಾಗುತ್ತಾ? 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಈ ಮುಂಗಡ ಟಿಪ್ಸ್ ಬಗ್ಗೆ ಒಂದು ಕಂಪನಿಗೆ ನೋಟಿಸ್ ಕೊಟ್ಟಿತು. ಸಚಿವ ಪ್ರಲ್ಹಾದ ಜೋಶಿ ಇದು ಅನೈತಿಕ ಅಂದರು. ಬಟನ್‌ಗೇನು, ನಾಚಿಕೆಯೇ?

ವಾರ್ನೆಕೆನ್, ಟೊಮಸೆಲ್ಲೊ ಅಂತ ಇಬ್ಬರು ವಿಜ್ಞಾನಿಗಳು. ಒಂದೂವರೆ ವರ್ಷದ ಮಕ್ಕಳ ಎದುರು ಬಟ್ಟೆ ಕ್ಲಿಪ್ ಬೀಳಿಸಿ, ಅದು ತಮ್ಮ ಕೈಗೆ ಎಟುಕದಂತೆ ನಟಿಸಿದರು. ಹೆಚ್ಚಿನ ಮಕ್ಕಳು ಎತ್ತಿಕೊಡಲು ಹೋದರು, ಏನೂ ಕೇಳಲಿಲ್ಲ. ಇದು 2006ರಲ್ಲಿ ಪ್ರಕಟವಾಯಿತು. 2008ರಲ್ಲಿ ಅವರದೇ ಇನ್ನೊಂದು ಪ್ರಯೋಗ. ಸಹಾಯಕ್ಕೆ ಬಹುಮಾನ ಕೊಟ್ಟರು, ಆಮೇಲೆ ನಿಲ್ಲಿಸಿದರು. ಬಹುಮಾನದ ರುಚಿ ಹತ್ತಿದ ಮಕ್ಕಳು ಸಹಾಯ ಮಾಡುವುದನ್ನು ಕಡಿಮೆ ಮಾಡಿದರು. ಆ್ಯಪಿನವರು ಎರಡನೆಯದನ್ನು ಮಾತ್ರ ಓದಿರಬೇಕು.

ಡ್ರೈವರುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಗ್ಯಾಸು, ಮಕ್ಕಳ ಫೀಸು, ಸಿಲ್ಕ್ ಬೋರ್ಡಿನಲ್ಲಿ ನಿಂತ ಹೊತ್ತು, ಎಲ್ಲ ಆ 18 ರೂಪಾಯಿಯಲ್ಲೇ ಆಗಬೇಕು. ಒಬ್ಬರನ್ನು ಕೇಳಿಯೇಬಿಟ್ಟೆ: "ಏನಣ್ಣ, ಟಿಪ್ಸ್ ಇಲ್ದೆ ಬರಲ್ವಾ?" "ನಾನೆಲ್ಲಿ ಕೇಳ್ದೆ ಸಾರ್? ನೀವೇ ಪ್ರೀತಿಯಿಂದ ಕೊಟ್ರಲ್ಲ!"

ಈ ಪ್ರೀತಿ ನೋಡಬೇಕಾದರೆ ಸಂಜೆ ಮಳೆ ಹೊತ್ತಿಗೆ ಜಯನಗರ ನಾಲ್ಕನೇ ಬ್ಲಾಕಿಗೆ ಬನ್ನಿ. ಅಂಗಡಿ ಸೂರಿನ ಕೆಳಗೆ ಒಂದಷ್ಟು ಜನ, ಎಲ್ಲರ ಕಣ್ಣೂ ಫೋನಿನ ಮೇಲೆ. ಅಜ್ಜಿಯೊಬ್ಬರು ಹತ್ತು ಒತ್ತಿದರು. ನಾನು ಇಪ್ಪತ್ತು ಒತ್ತಿ ಅವರಿಗಿಂತ ಹತ್ತು ರೂಪಾಯಿ ಜಾಸ್ತಿ ಒಳ್ಳೆಯವನಾದೆ. ಪಕ್ಕದ ಕಾಲೇಜು ಹುಡುಗ ಐವತ್ತು ಒತ್ತಿ ಕರ್ಣನೇ ಆಗಿಬಿಟ್ಟ. ಆಟೊ ಅವನಿಗೇ ಬಂತು.

ಹತ್ತುವ ಮೊದಲು ಅವನು ಹಿಂದೆ ತಿರುಗಿದ. "ಅಜ್ಜಿ, ಯಾವ ಕಡೆ? ಬನ್ನಿ, ಬಿಟ್ಟು ಹೋಗ್ತೀನಿ." ಅಜ್ಜಿ ಸೀರೆ ಎತ್ತಿ ಹಿಡಿದು ಹತ್ತಿದರು. ಆಟೊ ಹೊರಟಿತು. ಅವರ ಕೈಯಲ್ಲಿದ್ದ ಫೋನ್ ಮಾತ್ರ ಇನ್ನೂ ಕೇಳುತ್ತಿತ್ತು: ಇನ್ನೊಂದು ಹತ್ತು ಸೇರಿಸ್ತೀರಾ?