ಮುಕ್ಕಾಲು ಮೊಳದ ದೂರ

"ಅಪ್ಪಾ, ಶುಕ್ರವಾರ ರಾತ್ರಿ 9ಕ್ಕೆ ಇಲ್ಲಿಂದ ಹೊರಡ್ತೀನಿ. ಡೈರೆಕ್ಟ್ ಫ್ಲೈಟು" ಅಂದಳು ಮಗಳು. ಇಲ್ಲಿಂದ ಅಂದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ. ಬೆಂಗಳೂರಲ್ಲಿ ಇಳಿಯೋದು ಎಷ್ಟೊತ್ತಿಗೆ ಅಂತ ಹೇಳಲು ಬಾಯಿ ತೆರೆದಳು. "ಅದೆಲ್ಲ ನಾನು ನೋಡ್ಕೋತೀನಿ ಬಿಡಮ್ಮ" ಅಂದುಬಿಟ್ಟೆ. 32 ವರ್ಷ ಬ್ಯಾಂಕಿನ ಲೆಡ್ಜರ್ ತಿದ್ದಿದವನಿಗೆ ಇದೊಂದು ಲೆಕ್ಕವೇ?

ಅಟ್ಟದಿಂದ ಹಳೇ ಗ್ಲೋಬ್ ಇಳಿಸಿದೆ. ಹೆಂಡತಿ ಮಲ್ಲಿಗೆ ಕಟ್ಟುತ್ತಿದ್ದ ದಾರದಲ್ಲೇ ಒಂದು ತುಂಡು ಹರಿದುಕೊಂಡು, ಬೆಂಗಳೂರಿನ ಮೇಲೆ ಒಂದು ತುದಿ ಒತ್ತಿ ಹಿಡಿದು ಎಳೆದೆ. ಪೂರ್ವಕ್ಕೆ ಎಳೆದರೂ ಉದ್ದ, ಪಶ್ಚಿಮಕ್ಕೆ ಎಳೆದರೂ ಉದ್ದ. ಹಿಮಾಲಯ, ಸೈಬೀರಿಯಾ ದಾಟಿಸಿ ಉತ್ತರ ಧ್ರುವದ ಪಕ್ಕದಿಂದ ತಂದಾಗಲೇ ದಾರ ಉಳಿದದ್ದು! 2021ರ ಜನವರಿಯಲ್ಲಿ ಈ ನೇರ ವಿಮಾನ ಶುರುವಾದಾಗ ಮಹಿಳಾ ಪೈಲಟ್‌ಗಳು ಧ್ರುವದ ಮೇಲೇ ಹಾರಿಸಿಕೊಂಡು ಬಂದಿದ್ದರು. ಸುಮ್ನೆ ಶೋಕಿ ಅಂದುಕೊಂಡಿದ್ದೆ ಆಗ. ದೂರ ಸುಮಾರು 14,000 ಕಿಲೋಮೀಟರ್. ನಮ್ಮ ಗ್ಲೋಬಿನ ಮೇಲೆ ಮುಕ್ಕಾಲು ಮೊಳ ಹೂವಿನಷ್ಟು.

ಗಂಟೆಗೆ 900 ಕಿಲೋಮೀಟರ್ ಅಂದರೆ ಹದಿನೈದೂವರೆ ಗಂಟೆ. ಏರೋದು, ಇಳಿಯೋದು ಎಲ್ಲ ಸೇರಿಸಿ 17 ಅನ್ನಿ. ಶುಕ್ರವಾರ ರಾತ್ರಿ 9ಕ್ಕೆ 17 ಕೂಡಿಸಿದರೆ ಶನಿವಾರ ಮಧ್ಯಾಹ್ನ 2. ಒಂದು ಪೈಸೆ ವ್ಯತ್ಯಾಸ ಇಲ್ಲ.

ಬನಶಂಕರಿಯಿಂದ ಏರ್‌ಪೋರ್ಟಿಗೆ ಹೋಗೋ ವಾಯುವಜ್ರ ಬಸ್ಸು ಹಿಡಿದೆವು. ಒಂದು ಫ್ಲಾಸ್ಕ್ ಕಾಫಿ, ಒಂದು ಡಬ್ಬಿ ಚಿತ್ರಾನ್ನ, ಮಗಳ ಮುಡಿಗೆ ಅದೇ ಮಲ್ಲಿಗೆ. ಹೆಬ್ಬಾಳದಲ್ಲಿ ಬಸ್ಸು ನಿಂತಲ್ಲೇ ನಿಂತಾಗ ನನಗೆ ಜೀವ ಹೋಗಿ ಬಂತು. ದೇವನಹಳ್ಳಿ ಮುಟ್ಟಿದಾಗ ಗಂಟೆ ಎರಡು. ಎರಡೂವರೆಯಾದರೂ ಬೋರ್ಡಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇಲ್ಲ. ಮಗಳ ಫೋನು ಸ್ವಿಚ್ ಆಫ್.

ಪಕ್ಕದಲ್ಲಿ ಯಾರದೋ ಹೆಸರಿನ ಬೋರ್ಡು ಹಿಡಿದು ನಿಂತಿದ್ದ ಕ್ಯಾಬ್ ಡ್ರೈವರ್‌ಗೆ ನನ್ನ ಲೆಕ್ಕ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡ, ಪುಣ್ಯಾತ್ಮ.

"ಸಾರ್, ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಲಾದ್ರೆ ಹನ್ನೆರಡೂವರೆ. ಅಲ್ಲಿ ಶುಕ್ರವಾರ ರಾತ್ರಿ 9 ಅಂದ್ರೆ ಇಲ್ಲಿ ಇವತ್ತು ಬೆಳಿಗ್ಗೆ ಹತ್ತೂವರೆ. ನಿಮ್ಮ ಮಗಳು ಹೊರಟು ಈಗಿನ್ನೂ ನಾಲ್ಕು ಗಂಟೆ ಆಯ್ತು. ಬರೋದು ರಾತ್ರಿ ಮೂರೂವರೆಗೆ."

ನಾವು ಮನೆ ಬಿಟ್ಟಾಗ ಅವಳು ಅಲ್ಲಿ ಸೀಟು ಬೆಲ್ಟು ಕೂಡ ಬಿಚ್ಚಿರಲಿಲ್ಲವೇನೋ!

ಹೆಂಡತಿ ಏನೂ ಅನ್ನಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ರಭಸದಲ್ಲೇ ಎಲ್ಲ ಹೇಳಿಬಿಟ್ಟಳು. ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ವಾಪಸ್ ಮನೆಗೆ. ರಾತ್ರಿ ಎರಡಕ್ಕೆ ಮತ್ತೆ ಹೊರಟರೆ ರಸ್ತೆಯೆಲ್ಲ ಖಾಲಿ, ಹೆಬ್ಬಾಳ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ.

ನಾಲ್ಕೂಕಾಲಕ್ಕೆ ಟ್ರಾಲಿ ತಳ್ಳಿಕೊಂಡು ಮಗಳು ಹೊರಗೆ ಬಂದಳು. ಬಾಡಿದ ಮಲ್ಲಿಗೆ ನೋಡಿ, "ಬಂದು ತುಂಬಾ ಹೊತ್ತಾಯ್ತಾ ಅಪ್ಪಾ?" ಅಂದಳು.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಉತ್ತರ ಕೊಟ್ಟಾಗಿತ್ತು. "ಇಲ್ಲ ಪುಟ್ಟಿ, ನಿನ್ನೆ ಮಧ್ಯಾಹ್ನ ಬಂದ್ವಿ ಅಷ್ಟೆ."