ಬಿಂದಿಗೆ ಕೊಳ್ಳುವಾಗ ತಳ ತಿರುಗಿಸಿ ನೋಡಿ

ನಮ್ಮ ಕೋಲಾರದ ಕಡೆ ಎಷ್ಟೋ ಬೀದಿಗಳಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಮನೆಯಲ್ಲಿ ಎಷ್ಟು ಪ್ಲಾಸ್ಟಿಕ್ ಬಿಂದಿಗೆ ಇದ್ದರೂ ಸಾಲದು. ಅದರಲ್ಲಿ ಒಂದು ಸೋರುತ್ತಿದೆ ಅಂತ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿ ನೋಡಿ. "ನೀವೇ ಎತ್ತಿ ಹಾಕಿರ್ತೀರ ಬಿಡಮ್ಮ" ಅನ್ನುತ್ತಾರೆ. ಗಾಳಿಯಿಂದ ಪ್ಲಾಸ್ಟಿಕ್ ಉಬ್ಬಿಸಿ ಬಿಂದಿಗೆ ಮಾಡುವ ಬ್ಲೋ ಮೋಲ್ಡಿಂಗ್ ಮಷಿನ್ ಮುಂದೆ ಶಿಫ್ಟ್ ಮಾಡಿದವನಾಗಿ ಹೇಳುತ್ತೇನೆ, ಎಷ್ಟೋ ಬಿಂದಿಗೆಗಳು ಫ್ಯಾಕ್ಟರಿ ಬಿಡುವಾಗಲೇ ಸೋರಲು ತಯಾರಾಗಿರುತ್ತವೆ.

ಕೆಲಸ ನಡೆಯುವುದು ಹೀಗೆ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಕಾಳನ್ನು ಹಾಪರ್‌ಗೆ, ಅಂದರೆ ಮಷಿನ್ ಮೇಲಿನ ಆಲಿಕೆಗೆ, ಸುರಿಯುತ್ತಾರೆ. ಬ್ಯಾರೆಲ್ ಒಳಗೆ ಸ್ಕ್ರೂ ತಿರುಗುತ್ತಾ ಅದನ್ನು ಮುಂದಕ್ಕೆ ನೂಕುತ್ತದೆ. 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗೆ ಕರಗಿದ ಪ್ಲಾಸ್ಟಿಕ್ ಡೈ ಅನ್ನುವ ಬಾಯಿಯಿಂದ ಮೆತ್ತನೆಯ ಕೊಳವೆಯಾಗಿ ಕೆಳಗಿಳಿಯುತ್ತದೆ. ಇದೇ ಪ್ಯಾರಿಸನ್. ಎರಡು ಹೋಳಿನ ಅಚ್ಚು, ಅಂದರೆ ಮೋಲ್ಡ್, ಎರಡೂ ಕಡೆಯಿಂದ ಬಂದು ಅದನ್ನು ಮುಚ್ಚಿಕೊಳ್ಳುತ್ತದೆ. ಕೊಳವೆಯ ತುದಿ ಅಲ್ಲೇ ಚಿವುಟಿ ಅಂಟಿಕೊಳ್ಳುತ್ತದೆ. ಒಳಕ್ಕೆ ಗಾಳಿ ಬಿಟ್ಟರೆ ಕೊಳವೆ ಉಬ್ಬಿ ಮೋಲ್ಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ತಣ್ಣಗಾದ ಮೇಲೆ ತೆಗೆದು, ಅಂಚಿನಲ್ಲಿ ಉಳಿದ ಹೆಚ್ಚುವರಿ ಪ್ಲಾಸ್ಟಿಕ್ (ಫ್ಲ್ಯಾಶ್) ಕತ್ತರಿಸಿದರೆ ಆಯಿತು. ಎಣ್ಣೆ ಕ್ಯಾನ್, ನೀಲಿ ಡ್ರಮ್, ಟೊಮೆಟೊಗೆ ಔಷಧಿ ಹೊಡೆಯುವ ಪಂಪಿನ ಟ್ಯಾಂಕ್, ಎಲ್ಲಾ ಹೆಚ್ಚುಕಮ್ಮಿ ಹೀಗೇ.

ಬಿಂದಿಗೆಯ ತಳ ತಿರುಗಿಸಿದರೆ ಒಂದು ಗೆರೆ ಕಾಣುತ್ತದಲ್ವಾ? ಅದೇ ಆ ಚಿವುಟಿದ ಜಾಗ. ಪ್ಲಾಸ್ಟಿಕ್ ಸರಿಯಾಗಿ ಬಿಸಿ ಇಲ್ಲದಿದ್ದರೆ, ಮೋಲ್ಡಿನ ಅಂಚು ಸವೆದಿದ್ದರೆ ಅಲ್ಲಿ ಬೆಸುಗೆ ಅರೆಬರೆ ಆಗುತ್ತದೆ. ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ನೀರಿನ ಭಾರ ಬಿದ್ದು ಬಿದ್ದು ಒಂದು ದಿನ ಆ ಗೆರೆಯುದ್ದಕ್ಕೂ ಸೀಳುತ್ತದೆ. ಬೆಸುಗೆ ಅರೆಬರೆ ಇದ್ದರೆ, ಎತ್ತಿ ಹಾಕಿದಾಗಲೂ ಅಲ್ಲೇ ಸೀಳಬಹುದು. ಅದಕ್ಕೇ ಸೀಳು ಗೆರೆಯ ಮೇಲೇ ಇದ್ದರೆ ಅಂಗಡಿಯವರ ಮಾತು ಹಾಗೇ ನಂಬಬೇಡಿ.

ಇನ್ನೊಂದು ಸಮಸ್ಯೆ ಹೊಟ್ಟೆಯದು. ಕೊಳವೆ ಎಲ್ಲಿ ಜಾಸ್ತಿ ಹಿಗ್ಗುತ್ತದೋ ಅಲ್ಲಿ ತೆಳ್ಳಗಾಗುತ್ತದೆ. ಕತ್ತು ಕಿರಿದು, ಅಲ್ಲಿ ದಪ್ಪ ಉಳಿಯುತ್ತದೆ. ಹೊಟ್ಟೆ ಅಗಲ, ಅಲ್ಲಿ ತೆಳು. ಜೊತೆಗೆ ಬಿಸಿ ಕೊಳವೆ ತನ್ನ ಭಾರಕ್ಕೇ ಜೋಲುತ್ತದೆ, ಮೇಲ್ಭಾಗ ಸಣ್ಣಗಾಗುತ್ತದೆ. ಒಳ್ಳೆ ಮಷಿನ್‌ಗಳಲ್ಲಿ ಕೊಳವೆ ಇಳಿಯುತ್ತಿರುವಾಗಲೇ ಡೈನ ಸಂದು ಹಿಗ್ಗಿಸಿ ಕುಗ್ಗಿಸಿ, ಹೊಟ್ಟೆ ಬರುವ ಕಡೆ ಜಾಸ್ತಿ ಮಾಲು ಬಿಡುತ್ತಾರೆ. ಆ ಸೌಕರ್ಯ ಇಲ್ಲದ ಹಳೇ ಮಷಿನ್‌ನಲ್ಲಿ ಒಟ್ಟು ತೂಕ ಇಳಿಸಿದರೆ ಮೊದಲು ಹೊಡೆತ ಬೀಳುವುದು ಹೊಟ್ಟೆಗೆ. ಕತ್ತು ಹಿಡಿದು 'ಗಟ್ಟಿ ಇದೆ' ಅನ್ನುವವರೇ ಜಾಸ್ತಿ. ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ ನೋಡಿ.

ತಣಿಸುವ ಹೊತ್ತಿನಲ್ಲೂ ಆಟ ನಡೆಯುತ್ತದೆ. ಒಂದು ಪೀಸ್‌ಗೆ ಹಿಡಿಯುವ ಸಮಯದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುವುದು. ಅಲ್ಲಿ ಕೆಲವು ಸೆಕೆಂಡ್ ಉಳಿಸಿದರೆ ಶಿಫ್ಟ್‌ಗೆ ಪೀಸ್ ಜಾಸ್ತಿ. ಆದರೆ ಬಿಸಿ ಬಿಸಿಯಾಗಿ ತೆಗೆದ ಬಿಂದಿಗೆಯ ತಳ ಆಮೇಲೆ ಸೊಟ್ಟಗಾಗುತ್ತದೆ. ಸಮ ನೆಲದ ಮೇಲೆ ಇಟ್ಟರೂ ಅಲ್ಲಾಡುವ ಬಿಂದಿಗೆ ನೋಡಿದ್ದೀರಲ್ವಾ, ಬಹಳ ಸಲ ಅದು ಇದೇ ಕೇಸು.

ಸ್ಕ್ರ್ಯಾಪ್ ಬೆರೆಸುವುದನ್ನು ನಾನು ಪೂರ್ತಿ ಬಯ್ಯುವುದಿಲ್ಲ. ಅಲ್ಲೇ ಕತ್ತರಿಸಿದ ಫ್ಲ್ಯಾಶ್ ಗ್ರೈಂಡರ್‌ಗೆ ಹಾಕಿ ಅಳತೆಯಲ್ಲಿ ಬೆರೆಸಿದರೆ ತೊಂದರೆ ಇಲ್ಲ. ಸುಮ್ನೆ ಎಸೆಯುವುದು ತಪ್ಪೇ. ಎಲ್ಲಿಂದಲೋ ಬಂದ, ಏನೇನು ತುಂಬಿದ್ದರೋ ಗೊತ್ತಿಲ್ಲದ ಮಾಲನ್ನು ನೀರಿನ ಬಿಂದಿಗೆಗೆ ಹಾಕುವುದು ಮಾತ್ರ ಒಪ್ಪಲಾಗದು. ಗಾಢ ಬಣ್ಣದಲ್ಲಿ ಅದೆಲ್ಲ ಮುಚ್ಚಿಹೋಗುತ್ತದೆ.

ತೂಕ ಇಳಿಸಿದರೆ ಹೊಟ್ಟೆ ತೆಳುವಾಗುತ್ತದೆ ಅಂದೆನಲ್ಲ, ಹಾಗಾದರೆ ತೂಗಿ ಕೊಂಡರೆ ಸಾಕಾ? ಸಾಲದು. ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಏರಿಸಬಹುದು. ಒಡೆದ ಹಳೇ ಬಿಂದಿಗೆಯ ಚೂರೊಂದನ್ನು ನೀರಲ್ಲಿ ಮುಳುಗಿಸಿ ಬಿಡಿ. ಎಚ್‌ಡಿಪಿಇ ನೀರಿಗಿಂತ ಹಗುರ, ಮೇಲೆ ತೇಲಬೇಕು. ಮುಳುಗಿದರೆ ಒಳಗೆ ಬೇರೇನೋ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಬಿಂದಿಗೆಯ ಮೇಲೆ ಎಷ್ಟು ಲೀಟರ್, ಕನಿಷ್ಠ ಎಷ್ಟು ಗ್ರಾಂ, ಹೊಸ ಮಾಲೋ ಮರುಬಳಕೆಯದೋ ಇಷ್ಟು ಇರಲಿ. ಸ್ಟಿಕರ್ ಖರ್ಚೂ ಬೇಡ. ಮೋಲ್ಡಿನಲ್ಲಿ ಒಂದು ಸಲ ಕೆತ್ತಿಸಿದರೆ ಮುಂದೆ ಬರುವ ಪ್ರತಿ ಪೀಸ್ ಮೇಲೂ ತಾನಾಗಿ ಮೂಡುತ್ತದೆ. ಕಂಪನಿ ಹೆಸರು, ಹೂವಿನ ಚಿತ್ರ ಎಲ್ಲಾ ಹಾಗೇ ತಾನೇ ಮೂಡಿಸುತ್ತಿರುವುದು?