ಫೋನ್ ಅವರ ಕೈಯಲ್ಲೇ ಇರಲಿ

ಈಗ ತಾನೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ರೈಲಿನಲ್ಲಿ ನನ್ನ ಎದುರು ಎಂಬತ್ತರ ಹತ್ತಿರದ ಹಿರಿಯರೊಬ್ಬರು ಕೂತಿದ್ದರು. ವಾಟ್ಸಾಪ್ ವಿಡಿಯೋ ಕಾಲ್ ಬಂತು. ಹೆಸರು ನೋಡಿ ಮುಖ ಅರಳಿತು. "ನನ್ನ ಸ್ಕೂಲ್ ಗೆಳೆಯ" ಎಂದು ನನಗೂ ಹೇಳಿದರು. ಹಸಿರು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಬೆರಳನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿದರು. ಫೋನ್ ಲಾಕ್ ಆಗಿದ್ದಾಗ ಅದನ್ನು ಒತ್ತುವುದಲ್ಲ, ಮೇಲಕ್ಕೆ ಸರಿಸಬೇಕು. ಪಕ್ಕದಲ್ಲಿದ್ದ ಮಗ "ಕೊಡಪ್ಪ ಇಲ್ಲಿ, ನಿಂಗೆ ಬರಲ್ಲ" ಎಂದು ಕಿತ್ತುಕೊಂಡ. ಅಷ್ಟರಲ್ಲಿ ಕಾಲ್ ಕಟ್ ಆಯ್ತು. "ಆಮೇಲೆ ಮಾಡಿದ್ರಾಯ್ತು" ಎಂದು ಫೋನನ್ನು ತನ್ನ ಜೇಬಿಗೇ ಹಾಕಿಕೊಂಡ.

ಬರಲ್ಲ ಅಂದರೇನು? ವಯಸ್ಸಾದ ಹಾಗೆ ಚರ್ಮ ಒಣಗುತ್ತದೆ. ಒಣಗಿದ ಬೆರಳು ಟಚ್‌ಸ್ಕ್ರೀನಿಗೆ ಸರಿಯಾಗಿ ತಿಳಿಯುವುದಿಲ್ಲ. ನಿಧಾನವಾಗಿ ಒತ್ತಿದರೆ ಅದನ್ನು ಲಾಂಗ್ ಪ್ರೆಸ್, ಅಂದರೆ ಬೇಕೆಂದೇ ಒತ್ತಿ ಹಿಡಿದದ್ದು, ಅಂದುಕೊಳ್ಳುತ್ತದೆ. ಎಷ್ಟು ಹೊತ್ತು ಒತ್ತಿದರೆ ಹಾಗೆ ಅಂದುಕೊಳ್ಳಬೇಕು ಅನ್ನುವ ಸಮಯವನ್ನು ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ (ಬಳಕೆ ಸುಲಭ ಮಾಡುವ) ಸೆಟ್ಟಿಂಗ್‌ನಲ್ಲಿ ಹೆಚ್ಚಿಸಬಹುದು. ಅಕ್ಷರ ದೊಡ್ಡದು ಮಾಡಬಹುದು. ಹತ್ತು ನಿಮಿಷದ ಕೆಲಸ. ಆದರೆ ನಮಗೆ ಕಿತ್ತುಕೊಳ್ಳುವುದೇ ಸುಲಭ.

ನಾನೂ ಅದನ್ನೇ ಮಾಡಿದವಳು. ಅಮ್ಮನ ಕಿವಿ ಮಂದವಾಗಿತ್ತು. ಫೋನಿನಲ್ಲಿ ಬರೀ "ಹಾಂ, ಹಾಂ" ಅನ್ನುತ್ತಿದ್ದಳು. ಅವಳಿಗೆ ಮಾತು ಬೇಡವಾಗಿದೆ ಅಂದುಕೊಂಡೆ. ಎರಡು ವರ್ಷ ಅವಳ ಫೋನನ್ನು ನಾನೇ ಎತ್ತಿದೆ, ನಾನೇ ಮಾತಾಡಿದೆ, ನಾನೇ ಇಟ್ಟೆ. ಒಂದು ದಿನ ಸುಮ್ನೆ ವಿಡಿಯೋ ಹಾಕಿಕೊಟ್ಟಾಗ ಗೊತ್ತಾಯ್ತು, ಅವಳಿಗೆ ತುಟಿ ಕಾಣಬೇಕಿತ್ತು. ದೊಡ್ಡಮ್ಮನ ಬಾಯಿಯನ್ನೇ ನೋಡುತ್ತಾ ಮುಕ್ಕಾಲು ಗಂಟೆ ಮಾತಾಡಿದಳು. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೋಸದ ಕಾಲ್ ಬರುತ್ತವೆ, ದುಡ್ಡು ಹೋಗುತ್ತದೆ ಅಂತೀರಿ. ನಿಜ. ಬ್ಯಾಂಕಿನ ಆ್ಯಪ್ ತೆಗೆದುಬಿಡಿ. ಓಟಿಪಿ ಯಾರಿಗೂ ಹೇಳಬಾರದು ಅಂತ ಕಲಿಸಿ. ಗೊತ್ತಿಲ್ಲದ ನಂಬರಿನ ಕಾಲ್ ಸದ್ದೇ ಮಾಡದ ಹಾಗೆ ವಾಟ್ಸಾಪ್‌ನಲ್ಲೇ ಮಾಡಬಹುದು. ಕಳ್ಳರ ಭಯಕ್ಕೆ ಗೆಳೆಯನನ್ನೂ ದೂರ ಮಾಡಬೇಕಾ?

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಒಂಟಿಯಾಗಿರಲು ಮನೆಯಲ್ಲಿ ಯಾರೂ ಇರಬಾರದು ಅಂತೇನಿಲ್ಲ. ಆ ಹಿರಿಯರ ಪಕ್ಕದಲ್ಲೇ ಮಗ ಇದ್ದ.

ಇಳಿಯುವ ಮೊದಲು ನನಗೆ ತಡೆಯಲಾಗಲಿಲ್ಲ. ನನ್ನ ಫೋನ್ ಲಾಕ್ ಮಾಡಿ ಅವರ ಕೈಯಲ್ಲಿಟ್ಟೆ. ವಿಡಿಯೋ ಕಾಲ್ ಮಾಡು ಅಂತ ತಂಗಿಗೆ ಮೊದಲೇ ಮೆಸೇಜ್ ಹಾಕಿದ್ದೆ. ಮೊದಲ ಸಲ ಬೆರಳು ಅರ್ಧಕ್ಕೇ ನಿಂತಿತು. ಎರಡನೇ ಸಲ ಪೂರ್ತಿ ಮೇಲೆ ಹೋಯ್ತು, ತಂಗಿಯ ಮುಖ ಬಂತು. ಅವಳಿಗೆ ನಮಸ್ಕಾರ ಹೇಳಿ, ಫೋನನ್ನು ನನಗೆ ಕೊಟ್ಟು, ಮಗನ ಕಡೆ ತಿರುಗಿ ಕೈ ಚಾಚಿದರು.